ನೀರಿನ ಮೇಷ್ಟ್ರು

ಹೊಸ ಮಣ್ಣಿನ ಕೊಡಕ್ಕೆ ಮೊದಲ ಸಲ ನೀರು ತುಂಬಿದಾಗ ಏಳುವ ವಾಸನೆ ಇದೆಯಲ್ಲ, ಅದನ್ನು ಎಲ್ಲರೂ ಹೊಗಳುತ್ತಾರೆ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಮುಖ ತಿರುಗಿಸುತ್ತೇನೆ. ಈ ಬೇಸಿಗೆಯಲ್ಲಿ ಮೊಮ್ಮಗಳು ಬಳ್ಳಾರಿ ಪೇಟೆಯಿಂದ ನಲ್ಲಿ ಕೂಡಿಸಿದ ಮಣ್ಣಿನ ಕೊಡವೊಂದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಒಂದು ದಿನ ನೆನೆಹಾಕಿ, ಆಮೇಲೆ ನೀರು ತುಂಬಿ, ಮೊದಲ ಲೋಟ ನನಗೇ ತಂದುಕೊಟ್ಟಳು. "ಕುಡಿದು ನೋಡಜ್ಜಿ. ರುಚಿ ಹ್ಯಾಂಗೈತಿ ಹೇಳು" ಅಂದಳು. ಲೋಟ ಬಾಯಿಯವರೆಗೂ ಹೋಯಿತು. ಅಲ್ಲೇ ನಿಂತಿತು…

ನೀರಿನ ರುಚಿ ಹೇಗಿದೆ ಎಂದು ನನ್ನನ್ನು ಹಿಂದೆ ಒಬ್ಬರು ಕೇಳಿದ್ದರು. ಆಗ ನನಗೆ ಒಂಬತ್ತು ವರ್ಷ. ಅವರಿಗೆ ಇಪ್ಪತ್ತೋ ಇಪ್ಪತ್ತೊಂದೋ. ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ.

ಯುದ್ಧ ಮುಗಿದಿರದ ಕಾಲ ಅದು. ಬಳ್ಳಾರಿ ಇನ್ನೂ ಮದ್ರಾಸಿನ ಕೈಕೆಳಗಿತ್ತು. ಕೋಟೆ ಗುಡ್ಡದ ಈಚೆಗೆ ಮೇಷ್ಟ್ರಾಗಬೇಕೆನ್ನುವವರಿಗೆ ಪಾಠ ಮಾಡುವುದನ್ನು ಕಲಿಸುವ ಒಂದು ಟ್ರೈನಿಂಗ್ ಶಾಲೆ ಇತ್ತು. ಅದರ ಕಾಂಪೌಂಡಿನೊಳಗೇ ನಮ್ಮ ಎಲಿಮೆಂಟರಿ ಶಾಲೆ. ಕ್ಷೌರ ಕಲಿಯುವವನಿಗೆ ತಲೆ ಬೇಕಲ್ಲ, ಹಾಗೆ ಪಾಠ ಕಲಿಯುವವರಿಗೆ ಮಕ್ಕಳು ಬೇಕಿತ್ತು. ಆ ತಲೆಗಳು ನಾವು. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಟ್ರೈನಿಂಗಿನವರು ನಮ್ಮ ಮೇಲೆ ಕತ್ತರಿ ಆಡಿಸಿ ಹೋಗುತ್ತಿದ್ದರು.

ಗುರುವಾರ ಬಂತೆಂದರೆ ವಿಮರ್ಶೆಯ ಪಾಠ. ಟ್ರೈನಿಂಗಿನ ಒಬ್ಬರು ನಮಗೆ ಪಾಠ ಮಾಡಬೇಕು. ಉಳಿದವರೆಲ್ಲ ಹಿಂದಿನ ಗೋಡೆಗೆ ಸಾಲಾಗಿ ಕೂತು ನೋಟ್‌ಬುಕ್ಕಿನಲ್ಲಿ ತಪ್ಪುಗಳನ್ನು ಬರೆದುಕೊಳ್ಳಬೇಕು. ನಡುವೆ ಕೈಯಿರುವ ಕುರ್ಚಿಯಲ್ಲಿ ದೊಡ್ಡ ಮೇಷ್ಟ್ರು. ಟ್ರೈನಿಂಗಿನವರನ್ನು ಪಾಸು ಮಾಡುವವರು, ನಪಾಸು ಮಾಡುವವರು ಅವರೇ. ಪಾಠ ಮುಗಿದ ಮೇಲೆ ನಮ್ಮನ್ನು ಹೊರಗೆ ಕಳಿಸುತ್ತಿರಲಿಲ್ಲ. ನಮ್ಮೆದುರಿಗೇ ಒಬ್ಬೊಬ್ಬರಾಗಿ ಎದ್ದು ನಿಂತು, ಮಕ್ಕಳಿಗೆ ಬೆನ್ನು ತೋರಿಸಿದರು, ಅಕ್ಷರ ಸೊಟ್ಟ, ದನಿ ಮೇಲೇಳಲಿಲ್ಲ ಎಂದು ಎಣಿಸಿ ಎಣಿಸಿ ಹೇಳುತ್ತಿದ್ದರು. ಪಾಠ ಮಾಡಿದವರು ಸೀಮೆಸುಣ್ಣದ ಕೈಯಲ್ಲೇ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ದೊಡ್ಡವರು ಬೈಸಿಕೊಳ್ಳುವುದನ್ನು ನೋಡುವುದೆಂದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಬಯಲಾಟ ಇನ್ನೊಂದಿಲ್ಲ ನೋಡಿ.

ಪಾಠದ ವಿಷಯಗಳು ಮಾತ್ರ ವರ್ಷಾ ವರ್ಷಾ ಅವೇ. ಕಾಗೆ, ಉಪ್ಪು, ಬೇವಿನ ಮರ, ನೀರು. ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಪ್ರಶ್ನೆಗಿಂತ ಮೊದಲೇ ನಮಗೆ ಉತ್ತರ ಗೊತ್ತಿರುತ್ತಿತ್ತು. ಬಂದವರ ಹೆಸರನ್ನು ನಾವು ಯಾರೂ ಕೇಳುತ್ತಿರಲಿಲ್ಲ. ಮಾಡಿದ ಪಾಠವೇ ಹೆಸರು: ಉಪ್ಪಿನ ಮೇಷ್ಟ್ರು, ಬೇವಿನ ಮೇಷ್ಟ್ರು. ಕಾಗೆ ಮೇಷ್ಟ್ರ ಗತಿಯನ್ನಂತೂ ಹೇಳಲೇಬೇಕು. ಅವರು ಬಂದು, "ಮಕ್ಕಳೇ, ಬೆಳಿಗ್ಗೆ ನಿಮ್ಮ ಮನೆಯ ಮುಂದೆ…" ಎಂದು ಬಾಯಿ ತೆರೆದಿದ್ದರಷ್ಟೆ.

"ಕಾಗಿ ಸಾರ್! ಕರ್ರಗಿರ್ತೈತಿ ಸಾರ್! ಎರಡು ಕಾಲು ಸಾರ್! ಹೊಲಸು ತಿಂದು ಊರು ಸ್ವಚ್ಛ ಮಾಡ್ತೈತಿ ಸಾರ್!"

ನಲವತ್ತು ನಿಮಿಷದ ಪಾಠವನ್ನು ನಾವು ಮೂರು ನಿಮಿಷಕ್ಕೆ ಮುಗಿಸಿಕೊಟ್ಟೆವು. ಉಳಿದ ಹೊತ್ತೆಲ್ಲ ಆ ಮನುಷ್ಯ ತಾನೇ ಬರೆದುಕೊಂಡು ಬಂದಿದ್ದ ಕಾಗೆಯ ಚಿತ್ರವನ್ನು ನೋಡುತ್ತಾ ನಿಂತಿದ್ದರು. ಮುಂದೆ ಅವರು ಪಾಸಾದರೋ ಇಲ್ಲವೋ… ನಮಗೇನು?

ನಾನು ಹೇಳಹೊರಟ ಟ್ರೈನಿಂಗಿನ ಮೇಷ್ಟ್ರು ಕುರುಗೋಡಿನವರು. ಊರ ಹೊರಗಿನ ಕೇರಿಯವರು. ಆ ಕೇರಿಯಿಂದ ಎಂಟನೇ ಕ್ಲಾಸು ಪಾಸಾಗಿ ಬಳ್ಳಾರಿಗೆ ಬಂದ ಮೊದಲಿಗರು ಅವರೇ ಎಂದು ದೊಡ್ಡವರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಸರಕಾರದ ಆರ್ಡರು ಬಂದಿದ್ದರಿಂದ ಸೇರಿಸಿಕೊಂಡಿದ್ದರು. ಹಿಂದಿನ ಗೋಡೆಯ ಸಾಲಿನಲ್ಲಿ ಕೊನೆಗೆ, ಎರಡು ಮೊಳ ಜಾಗ ಬಿಟ್ಟು, ಬಾಗಿಲ ಹತ್ತಿರ ಕೂರುತ್ತಿದ್ದರು. ಉಳಿದವರ ನೋಟ್‌ಬುಕ್ಕನ್ನು ದೊಡ್ಡ ಮೇಷ್ಟ್ರು ಕೈಗೆ ತೆಗೆದುಕೊಂಡು ನೋಡುತ್ತಿದ್ದರು. ಇವರದನ್ನು ನೆಲದ ಮೇಲಿಡಿಸಿ ರೂಲುದೊಣ್ಣೆಯ ತುದಿಯಿಂದ ಹಾಳೆ ಸರಿಸುತ್ತಿದ್ದರು. ಇವರು ಬಗ್ಗಿ ನಿಂತಿರುತ್ತಿದ್ದರು. ಅದು ನಮಗೆ ವಿಚಿತ್ರವಾಗಿ ಕಂಡಿರಲಿಲ್ಲ. ಮಳೆಗಾಲದಲ್ಲಿ ಕೊಡೆ ಹಿಡಿದ ಹಾಗೆ, ಅದೂ ಒಂದು ರೂಢಿ ಅಂದುಕೊಂಡಿದ್ದೆವು.

ಬಿಡುವಿನಲ್ಲಿ ಅವರು ಹುಣಸೆ ಮರದ ಕೆಳಗೆ ಒಬ್ಬರೇ ಕೂತು ರೊಟ್ಟಿ ತಿನ್ನುತ್ತಿದ್ದರು. ನಾವು ಹತ್ತು ಹೆಜ್ಜೆ ದೂರ ನಿಂತು ಅವರು ಹೇಳುವ ಒಗಟು ಕೇಳುತ್ತಿದ್ದೆವು.

"ಅಂಗಿ ಬಿಚ್ಚಿದ್ರ ತಾ ಅಳಂಗಿಲ್ಲ, ಬಿಚ್ಚಿದವರನ್ನ ಅಳಿಸ್ತೈತಿ. ಏನದು?"

"ಉಳ್ಳಾಗಡ್ಡಿ!"

"ಶಾಣ್ಯಾರದೀರಿ ಬಿಡ್ರಿ. ನನ್ನ ಪಾಠದಾಗೂ ಹಿಂಗ ಹೇಳ್ರಿ ಮತ್ತ. ಕಾಗಿ ಹಾರಿಸಿದಂಗ ನನ್ನೂ ಹಾರಿಸಿಬಿಟ್ಟೀರಿ."

ನಾವು ನಕ್ಕೆವು. ಅವರೂ ನಕ್ಕರು. ಆಮೇಲೆ ತಾವೇ ಹೇಳಿದರು: ಮೂರನೇ ಕ್ಲಾಸಿನ ಮಕ್ಕಳಿಗೆ ಮಾಡಿದ ಒಂದು ಪಾಠ ಆಗಲೇ ನಪಾಸಾಗಿದೆ. ಇನ್ನು ಒಂದೇ ಅವಕಾಶ. "ಸಿರುಗುಪ್ಪದ ಕಡೆ ಕರೂರಿನಾಗ ನಮ್ಮ ಹುಡುಗರಿಗೆ ಅಂತ ಸಾಲಿ ತೆಗೀತಾರ. ಇದೊಂದು ಪಾಠ ಪಾಸಾದ್ರ ಅಲ್ಲಿ ಮೊದಲನೇ ಮೇಷ್ಟ್ರು ನಾನ. ಆಗಲಿಲ್ಲಂದ್ರ… ಮತ್ತೇನು, ಅಪ್ಪನ ಜೋಡಿ ಕಲ್ಲು ಒಡ್ಯಾಕ ಹೋಗೂದು." ಅಷ್ಟು ದೊಡ್ಡ ಮಾತನ್ನು ಹಾಗೆ ರೊಟ್ಟಿ ಮುರಿಯುತ್ತಾ ಹೇಳಿದ್ದರಿಂದ ನಮಗೆ ಅದು ಇನ್ನೊಂದು ಒಗಟಿನಂತೆ ಕೇಳಿಸಿತು.

ಪಾಠಕ್ಕೆ ಎಂಟು ದಿನ ಮೊದಲು ತಗಡಿನ ಡಬ್ಬಿಯೊಳಗೆ ಚೀಟಿ ಹಾಕಿ ಎತ್ತಿಸುವುದು ಪದ್ಧತಿ. ಯಾವ ಚೀಟಿ ಬಂತೋ ಆ ಪಾಠ. ಇವರು ಡಬ್ಬಿಯ ಕಡೆಗೆ ಹೆಜ್ಜೆ ಇಟ್ಟಾಗ ದೊಡ್ಡ ಮೇಷ್ಟ್ರು ಮುಚ್ಚಳ ಹಾಕಿಬಿಟ್ಟರು.

"ನಿಮಗ ಚೀಟಿ ಯಾಕ? ನೀವು ನೀರು ಮಾಡ್ರಿ."

ಗೋಡೆಯ ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ಮಾಡಿ ನಕ್ಕರು. ಇವರು ಇಟ್ಟ ಹೆಜ್ಜೆ ಹಿಂದೆ ತೆಗೆದು, "ಆಗಲಿ ಸಾರ್" ಅಂದರು. ಯಾಕೆ ನಕ್ಕರು ಎಂದು ನನಗೆ ತಿಳಿಯಲಿಲ್ಲ. ನೀರಿನ ಪಾಠ ವಸ್ತುಪಾಠ. ವಸ್ತುವನ್ನು ತಂದು ಮೇಜಿನ ಮೇಲಿಟ್ಟು, ಮಕ್ಕಳು ನೋಡಿ, ಮೂಸಿ, ರುಚಿ ನೋಡಿ ಹೇಳಬೇಕು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೂರನೆಯದು, ರುಚಿ… ಅಲ್ಲಿತ್ತು ನಗುವಿಗೆ ಕಾರಣ. ಅವರ ಕೈಯ ನೀರನ್ನು ಕುಡಿಯುವವರು ಆ ಕ್ಲಾಸಿನಲ್ಲಿ ಯಾರಿದ್ದರು?

ಆ ಎಂಟು ದಿನದಲ್ಲಿ ಅವರು ಎಷ್ಟು ಯೋಚನೆ ಮಾಡಿರಬೇಕು! ನೀರನ್ನು ಮುಟ್ಟದೆ ನೀರಿನ ಪಾಠ ಮಾಡುವುದು ಹೇಗೆ ಎಂಬುದನ್ನು ಅವರು ಕಂಡುಹಿಡಿದಿದ್ದರು. ಗುರುವಾರ ನಾವು ಬಂದು ನೋಡುವ ಹೊತ್ತಿಗೆ ಮೇಜಿನ ಮೇಲೆ ಎಲ್ಲ ಸಿದ್ಧವಿತ್ತು. ಬೇಸಿಗೆಗೆಂದು ಶಾಲೆಗೆ ತಂದಿದ್ದ ಹೊಸ ಮಣ್ಣಿನ ಕೊಡ, ಅದರ ಪಕ್ಕಕ್ಕೆ ಹಿತ್ತಾಳೆ ಚೊಂಬು, ಸೋಡಾ ಅಂಗಡಿಯಿಂದ ಕೇಳಿ ತಂದಿದ್ದ ಒಂದು ಗಾಜಿನ ಗ್ಲಾಸು. ಎಲ್ಲವನ್ನೂ ಜೊತೆಯ ಟ್ರೈನಿಂಗಿನವರೊಬ್ಬರು, ಸಿರುಗುಪ್ಪದ ಕಡೆಯವರು, ತಮ್ಮ ಕೈಯಾರೆ ತಂದು ಜೋಡಿಸಿದ್ದರು. ನಮ್ಮ ಮೇಷ್ಟ್ರು ಮಾತ್ರ ಮೇಜಿನಿಂದ ಮೂರು ಹೆಜ್ಜೆ ಆಚೆ, ಕೈಯಲ್ಲಿ ಒಂದು ಉದ್ದನೆಯ ಬೆತ್ತ ಹಿಡಿದು ನಿಂತಿದ್ದರು. ಹೊಡೆಯಲಿಕ್ಕಲ್ಲ, ತೋರಿಸಲಿಕ್ಕೆ.

ಪಾಠ ಶುರುವಾಯಿತು. ಎಂಥ ಪಾಠ ಅಂತೀರಿ! "ನಿನ್ನೆ ನಾನು ಕುರುಗೋಡಿನಿಂದ ನಡ್ಕೊಂತ ಬಂದೆ. ಬಿಸಲು ಅಂದ್ರ ಬಿಸಲು. ದಾರಿಯೊಳಗ ನಾನೇನು ಹುಡುಕಿರಬೇಕು ಹೇಳ್ರಿ ನೋಡೋಣ" ಎಂದು ಶುರು ಮಾಡಿದರು. ನಾವು ಬೇಕೆಂದೇ "ಚಪ್ಲಿ ಸಾರ್", "ಛತ್ರಿ ಸಾರ್", "ಎತ್ತಿನ ಬಂಡಿ ಸಾರ್" ಎಂದೆಲ್ಲ ಕೂಗಿದೆವು. ಅವರು ಒಂದೊಂದನ್ನೂ ತಳ್ಳಿಹಾಕದೆ, "ಚಪ್ಲಿ ಸಿಕ್ತು ಅನ್ನು, ನಾಲಿಗಿ ಒಣಗೂದು ನಿಲ್ತೈತೇನು?" ಎಂದು ಒಂದೊಂದಕ್ಕೂ ಜವಾಬು ಕೊಡುತ್ತಾ ನಮ್ಮನ್ನು ನಮಗೆ ತಿಳಿಯದ ಹಾಗೆ ನೀರಿನ ದಂಡೆಗೆ ತಂದು ನಿಲ್ಲಿಸಿಬಿಟ್ಟರು. ಒಬ್ಬ ಹುಡುಗನನ್ನು ಕರೆದು ಚೊಂಬಿನಿಂದ ಕೊಡದ ನೀರನ್ನು ಗ್ಲಾಸಿಗೆ ಹಾಕಿಸಿದರು. ಗ್ಲಾಸನ್ನು ಅವನೇ ಎತ್ತಿ ಹಿಡಿದ. ಗ್ಲಾಸಿನ ಹಿಂದೆ ಒಂದು ಕೆಂಪು ದಾಸವಾಳ ಹಿಡಿಸಿದರು, ಹೂ ಕಂಡಿತು. ನೀರಿಗೆ ಬಣ್ಣವಿಲ್ಲ! ಬೆತ್ತದ ತುದಿ ಗಾಳಿಯಲ್ಲಿ ಆಡುತ್ತಿತ್ತು. ಒಂದು ಸಲವೂ ಕೊಡಕ್ಕೆ ತಾಗಲಿಲ್ಲ. ಮೊದಲ ಸಲ ನಾವು ಉತ್ತರವನ್ನು ಮುಂಚೆ ಹೇಳಲು ಮರೆತಿದ್ದೆವು.

ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿಸಿತು.

"ನಿಲ್ಲಸ್ರಿ" ಅಂದರು ದೊಡ್ಡ ಮೇಷ್ಟ್ರು. "ವಸ್ತುವನ್ನ ಮುಟ್ಟದ ವಸ್ತುಪಾಠ ನಾನು ಇಪ್ಪತ್ತು ವರ್ಷದಾಗ ನೋಡಿಲ್ಲ. ಮೇಷ್ಟ್ರಾದವರು ತಮ್ಮ ಕೈಲೆ ಮಾಡಿ ತೋರಿಸ್ಬೇಕು. ಹಾಕ್ರಿ ನೀರು. ನೀವಾ ಹಾಕಿ ಮಕ್ಕಳಿಗೆ ಕೊಡ್ರಿ."

"ಸಾರ್, ಮಕ್ಕಳು ತಾವಾ ಮಾಡಿದ್ರ ಹೆಚ್ಚು ಕಲೀತಾರ ಅಂತ ತಾವಾ ಹೇಳಿದ್ರಿ…"

"ನಾ ಏನ್ ಹೇಳೀನಿ ನನಗ ಗೊತ್ತೈತಿ. ಹಾಕ್ರಿ."

ಅವರು ಬೆತ್ತವನ್ನು ಗೋಡೆಗೆ ಆನಿಸಿದರು. ಮೂರು ಹೆಜ್ಜೆ ನಡೆದು ಬಂದು ಚೊಂಬು ಎತ್ತಿಕೊಂಡು ಗ್ಲಾಸಿಗೆ ನೀರು ಹಾಕಿದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಗ್ಲಾಸು ಹಿಡಿದು, "ನೀರಿನ ರುಚಿ ಹ್ಯಾಂಗೈತಿ? ಯಾರು ಕುಡಿದು ಹೇಳ್ತೀರಿ?" ಅಂದರು.

"ನೀರಿಗೆ ರುಚಿ ಇಲ್ಲ ಸಾರ್!" ನಲವತ್ತು ಬಾಯಿ ಒಂದೇ ದನಿಯಲ್ಲಿ ಹೇಳಿದವು. ಯಾರೂ ಏಳಲಿಲ್ಲ.

"ಕುಡೀದ ಹೆಂಗ ಗೊತ್ತಾತು?" ಹಿಂದಿನಿಂದ ದೊಡ್ಡ ಮೇಷ್ಟ್ರ ನಿಧಾನದ ದನಿ. "ಒಂದು ಕೂಸಾದ್ರೂ ಕುಡೀಲಿ. ಇಲ್ಲಾಂದ್ರ ಕ್ಲಾಸು ನಿಮ್ಮ ಕೈಯಾಗಿಲ್ಲ ಅಂತ ಬರಕೋತೀನಿ."

ಅವರು ಮೊದಲ ಸಾಲಿನ ಒಬ್ಬೊಬ್ಬರ ಮುಂದೆಯೂ ಗ್ಲಾಸು ಹಿಡಿದುಕೊಂಡು ಬಂದರು. ಒಬ್ಬ ಕೈ ಹಿಂದೆ ಕಟ್ಟಿಕೊಂಡ. ಒಬ್ಬಳು ಬಾಯಿಗೆ ಸೆರಗಿನಂತೆ ಲಂಗದ ತುದಿ ಒತ್ತಿಕೊಂಡಳು. ದಾಸವಾಳ ಹಿಡಿದಿದ್ದ ಹುಡುಗ, "ನನಗ ನೀರಡಿಕಿ ಆಗಿಲ್ರಿ" ಅಂದ. ಗೋಡೆಯ ಸಾಲಿನಲ್ಲಿ ಪೆನ್ಸಿಲುಗಳು ಓಡತೊಡಗಿದವು. ಅವರ ಹಣೆಯ ಬೆವರು ಹುಬ್ಬಿಗಿಳಿದಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ನಾನು ಎದ್ದೆ.

ಯಾಕೆ ಎದ್ದೆ ಎಂದು ನಿಜ ಹೇಳುತ್ತೇನೆ. ಅಯ್ಯೋ ಪಾಪ ಎಂದಲ್ಲ. ನಮ್ಮದು ಮಡಿಯ ಮನೆ. ಅಲ್ಲಿ ಎಲ್ಲ ಹಿತ್ತಾಳೆ, ತಾಮ್ರ. ಗಾಜನ್ನು ನಮ್ಮಜ್ಜಿ ಹೊಸ್ತಿಲು ದಾಟಿಸುತ್ತಿರಲಿಲ್ಲ. ಬಿಸಿಲಲ್ಲಿ ಮಿರಮಿರ ಮಿನುಗುವ ಆ ಗ್ಲಾಸಿನಲ್ಲಿ ಒಂದು ಸಲ ಕುಡಿಯಬೇಕೆಂದು ಪಾಠ ಶುರುವಾದಾಗಿನಿಂದಲೂ ನನ್ನ ಬಾಯಲ್ಲಿ ನೀರೂರಿತ್ತು. ಅಷ್ಟೆ. ಹೋದೆ, ಎರಡೂ ಕೈಯಲ್ಲಿ ಹಿಡಿದೆ, ಗಟಗಟ ಕುಡಿದೆ. ಹೊಸ ಮಣ್ಣಿನ ವಾಸನೆ ಮೂಗಿನ ತುಂಬ.

"ಹ್ಯಾಂಗೈತವ್ವ ರುಚಿ?"

"ಉಪ್ಪುಪ್ಪು ಐತ್ರಿ ಸಾರ್."

ಕ್ಲಾಸು ಗೊಳ್ಳೆಂದಿತು. ಮೂರು ವರ್ಷದಿಂದ ಕಾಯ್ದುಕೊಂಡು ಬಂದಿದ್ದ ಉತ್ತರ ತಪ್ಪಿಹೋಗಿತ್ತು. ಆದರೆ ಅವರ ಮುಖ ದೀಪ ಹಚ್ಚಿದ ಹಾಗಾಯಿತು. "ಭೇಷ್! ಇಷ್ಟು ಮಂದಿಯೊಳಗ ಕುಡಿದು ಹೇಳಿದಾಕಿ ಈಕಿ ಒಬ್ಬಾಕೆ. ನಮ್ಮ ಬಳ್ಳಾರಿ ಬಾವಿ ನೀರು ಉಪ್ಪು ಹೌದೋ ಅಲ್ಲೋ? ಹಂಗಾರ ಆ ಉಪ್ಪು ಎಲ್ಲಿಂದ ಬಂತು?" ಅಲ್ಲಿಂದ ಪಾಠ ಹಿಡಿದ ಓಟ… ಕಲ್ಲು, ಮಣ್ಣು, ಮಳೆ, ತುಂಗಭದ್ರೆ. ಗಂಟೆ ಹೊಡೆದಾಗ ನಮಗೆ ಬೇಜಾರಾಯಿತು. ವಿಮರ್ಶೆಗೆ ಎದ್ದವರಿಗೆ ಹೇಳಲು ಹೆಚ್ಚೇನೂ ಸಿಗಲಿಲ್ಲ. ದೊಡ್ಡ ಮೇಷ್ಟ್ರು ಮುಖ ಹುಳಿ ಮಾಡಿಕೊಂಡು, "ಪಾಸು" ಎಂದಷ್ಟೇ ಹೇಳಿ ಎದ್ದುಹೋದರು. ನೀರಿನ ಮೇಷ್ಟ್ರು ನನ್ನ ಹತ್ತಿರ ಬಂದು, "ಕರೂರಿಗೆ ಹೋದ್ರ ಮೊದಲನೇ ಪಾಠ ಇದನ್ನ ಮಾಡ್ತೀನಿ ತಂಗಿ" ಅಂದರು.

ಮನೆಗೆ ನಾನು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಪಕ್ಕದ ಮನೆಯ ಹುಡುಗಿ ನನ್ನದೇ ಕ್ಲಾಸು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಒಳಗೆ ಬಿಡಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಸಮೇತ ನಾಲ್ಕು ಕೊಡ ಸುರಿದಳು. ಆಮೇಲೆ ಕುಮಟಿಗೆಯ ಕೆಂಡದಲ್ಲಿ ಒಂದು ಬಂಗಾರದ ಕಡ್ಡಿ ಇಟ್ಟಳು. ಮೈಲಿಗೆಯಾದ ನಾಲಿಗೆಗೆ ಕಾಸಿದ ಬಂಗಾರ ಮುಟ್ಟಿಸಿದರೆ ಶುದ್ಧವಾಗುತ್ತದೆಂದು ಆಗ ನಂಬಿಕೆ. ನಮ್ಮಜ್ಜಿ ಕೆಟ್ಟವಳಲ್ಲ. ನನಗೆ ಮಾತು ಕಲಿಸಿದವಳು, ಕಥೆ ಕಲಿಸಿದವಳು ಅವಳೇ. ಈ ಬರೆಯುವ ಮಾತುಗಳೂ ಅವಳ ಬಾಯಿಂದ ಬಂದವೇ. ಕಡ್ಡಿ ಕೆಂಪಾಗುವವರೆಗೂ ನನ್ನ ತಲೆ ಒರೆಸುತ್ತಲೇ ಇದ್ದಳು.

"ನಿಜ ಹೇಳವ್ವ. ನೀನಾ ಹೋಗಿ ಕುಡಿದ್ಯೋ, ಅಂವ ಒತ್ತಾಯ ಮಾಡಿ ಕುಡಿಸಿದ್ನೋ? ನೀನಾ ಕುಡಿದಿದ್ರ ನಾಲಿಗಿ ಸುಡಬೇಕು. ಕುಡಿಸಿದ್ರ ಪಾಪ ಅವನ ತಲಿಗೆ. ನಿನಗ ಪಂಚಗವ್ಯ ಸಾಕು."

ಕೆಂಡ ಚಟ್ಟೆಂದಿತು.

"ಕುಡಿಸಿದ್ರು" ಅಂದೆ.

ಅಜ್ಜಿ ಕಡ್ಡಿಯನ್ನು ಇಕ್ಕಳದಿಂದ ತೆಗೆದು ನೀರಿಗೆ ಹಾಕಿದಳು. ಚುಂಯ್ ಅಂತು. ನನಗೆ ಎಷ್ಟು ಹಾಯೆನಿಸಿತು ಎಂದರೆ… ಅವತ್ತು ನಾನು ಹೊಟ್ಟೆ ತುಂಬ ಉಂಡು ಮಲಗಿದೆ. ನಿದ್ದೆಯೂ ಬಂತು.

ಮರುದಿನ ಅಪ್ಪ ನನ್ನ ಕೈ ಹಿಡಿದುಕೊಂಡು ದೊಡ್ಡ ಮೇಷ್ಟ್ರ ಆಫೀಸಿಗೆ ಹೋದ. ಅಪ್ಪ ಹತ್ತಿ ಜಿನ್ನಿನಲ್ಲಿ ಗುಮಾಸ್ತ. ಜಗಳದ ಮನುಷ್ಯನಲ್ಲ, ಆದರೆ ಅವತ್ತು ಹಿಂದೆ ಓಣಿಯ ನಾಲ್ಕು ಜನ ಬಂದಿದ್ದರು. ನೀರಿನ ಮೇಷ್ಟ್ರನ್ನು ಕರೆಸಿದರು. ಅವರು ಬಂದು ಹೊಸ್ತಿಲಾಚೆ ನಿಂತರು. ನನ್ನನ್ನು ನೋಡಿ ನಕ್ಕರು. ಯಾಕೆ ಕರೆಸಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಪಾಸಾದ ಕಾಗದ ಕೊಡುತ್ತಾರೆ ಅಂದುಕೊಂಡಿದ್ದರೇನೋ.

ದೊಡ್ಡ ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. "ಅಂಜಬ್ಯಾಡ. ನಿನ್ನೆ ಏನಾತು?"

"ಕುಡಿಸಿದ್ರು" ಅಂದೆ, ನೆಲ ನೋಡುತ್ತಾ.

"ಹಂಗಲ್ಲ. ಪೂರ್ತಿ ವಾಕ್ಯ ಮಾಡಿ ಹೇಳು."

ನಮ್ಮ ಶಾಲೆಯಲ್ಲಿ ಅರ್ಧ ಉತ್ತರ ನಡೆಯುತ್ತಿರಲಿಲ್ಲ. ನಾನು ಜಾಣೆ. ಕೈ ಕಟ್ಟಿ ನೆಟ್ಟಗೆ ನಿಂತೆ.

ಹೊಸ್ತಿಲಾಚೆಯಿಂದ ಅವರು ಬಗ್ಗಿದರು. "ತಂಗಿ, ನನ್ನ ಕಡೆ ನೋಡವ್ವ. ನೀನಾ ಎದ್ದು ಬಂದಿ ಅಲ್ಲೇನು? ನಾ ನಿನ್ನ ಸಾಲಿನತನಕಾನೂ ಬಂದಿರಲಿಲ್ಲ. ಅಷ್ಟು ಹೇಳಿಬಿಡು, ನನ್ನ ತಾಯಿ. ನಿನಗ ಯಾರೂ ಏನೂ ಮಾಡಂಗಿಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ.

"ಮೇಷ್ಟ್ರು ನನಗೆ ಒತ್ತಾಯ ಮಾಡಿ ನೀರು ಕುಡಿಸಿದರು."

ಎಲ್ಲೂ ತಡವರಿಸಲಿಲ್ಲ. ಪುಸ್ತಕದ ಕನ್ನಡ. ದೊಡ್ಡ ಮೇಷ್ಟ್ರು ಅದನ್ನು ಹಾಗೆಯೇ ಬರೆದುಕೊಂಡರು, ಕೆಳಗೆ ಅಪ್ಪನ ರುಜು ತೆಗೆದುಕೊಂಡರು. ನೀರು ಹಾಕಿ ಕೊಡಿರಿ ಎಂದು ತಾವೇ ಹೇಳಿದ್ದನ್ನು ಬರೆಯಲಿಲ್ಲ. ಕ್ಲಾಸಿನ ನಲವತ್ತು ಮಕ್ಕಳಲ್ಲಿ ಇನ್ನೊಂದನ್ನು ಕರೆದು ಕೇಳಲಿಲ್ಲ. ಗೋಡೆಗೆ ಕೂತು ಎಲ್ಲವನ್ನೂ ಕಣ್ಣಾರೆ ನೋಡಿದ್ದ ಇಪ್ಪತ್ತು ಜನ ಮೇಷ್ಟ್ರಾಗುವವರು ವರಾಂಡದಲ್ಲೇ ನಿಂತಿದ್ದರು. ಚೊಂಬು ತಂದಿಟ್ಟಿದ್ದ ಸಿರುಗುಪ್ಪದವರೂ ಇದ್ದರು. ಒಬ್ಬರೂ ಕೆಮ್ಮಲಿಲ್ಲ.

ಬಗ್ಗಿದ್ದ ನೀರಿನ ಮೇಷ್ಟ್ರು ನೆಟ್ಟಗೆ ನಿಂತರು. ಆಮೇಲೆ ದೊಡ್ಡ ಮೇಷ್ಟ್ರಿಗೆ ಹೇಳಿದರು: "ಈ ಕೂಸು ನಿನ್ನೆ ಕ್ಲಾಸಿನಾಗ ಖರೇ ಹೇಳಿತ್ತು ಸಾರ್. ಒಂದು ದಿನದಾಗ ಇದಕ್ಕ ಸುಳ್ಳು ಕಲಿಸಿದವರು ಯಾರೋ, ಅವರು ನನಗಿಂತ ಛಲೋ ಮೇಷ್ಟ್ರು."

"ಬಾಯಿ ಮುಚ್ಚು" ಅಂದರು ದೊಡ್ಡ ಮೇಷ್ಟ್ರು. ನಿನ್ನೆಯವರೆಗೂ ಹೇಳುತ್ತಿದ್ದ 'ರಿ' ಹೋಗಿತ್ತು. "ನಿನ್ನ ಹೆಸರು ಹೊಡೆದು ಹಾಕೀನಿ. ಆ ಗ್ಲಾಸು ಅಲ್ಲೇ ಐತಿ, ತಗೊಂಡು ಹೋಗು. ಸೋಡಾ ಅಂಗಡಿಯವರೂ ಇನ್ನ ಅದನ್ನ ಮುಟ್ಟಂಗಿಲ್ಲ."

ಅವರು ಗ್ಲಾಸು ತೆಗೆದುಕೊಂಡು ಹೋದರು. ಹುಣಸೆ ಮರದ ಕೆಳಗಿನಿಂದ ಹಾದು, ಗೇಟು ದಾಟಿ… ಮುಂದಿನ ಗುರುವಾರ ಕಾಗೆಯ ಪಾಠವಿತ್ತು. ನಾವು ಮತ್ತೆ ಮೊದಲಿನಂತೆ ಕೂಗಿದೆವು.

ಆರನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದರು. ಹದಿನೈದಕ್ಕೆ ಮದುವೆ ಮಾಡಿ ಸಿರುಗುಪ್ಪಕ್ಕೆ ಕೊಟ್ಟರು. ತುಂಗಭದ್ರೆಯ ಕಾಲುವೆ ತೋಡುತ್ತಿದ್ದ ವರ್ಷಗಳವು. ಎಲ್ಲಿ ನೋಡಿದರೂ ಮಣ್ಣಿನ ಗುಡ್ಡೆ, ಬುಟ್ಟಿ ಹೊತ್ತ ಜನ. ಒಂದು ದಿನ ಅತ್ತೆಯ ಜೊತೆ ರಾರಾವಿಯ ನೆಂಟರ ಮನೆಗೆ ಕಮಾನು ಬಂಡಿಯಲ್ಲಿ ಹೊರಟಿದ್ದೆ. ಅಗೆದ ಮಣ್ಣಿನಲ್ಲಿ ಗಾಲಿ ಹೂತುಕೊಂಡಿತು. ಬಂಡಿಯವ ಕೂಗಿದ; ಕಾಲುವೆಯ ಕೆಲಸದವರು ನಾಲ್ಕು ಜನ ಬಂದು ಗಾಲಿಗೆ ಹೆಗಲು ಕೊಟ್ಟರು. ಅವರಲ್ಲಿ ಒಬ್ಬರ ದನಿ… "ಬಲಗಡೆ ಎತ್ತಿಗೆ ಹಗ್ಗ ಸಡ್ಲ ಬಿಡ್ರಿ, ಅದು ತಾನಾ ಎಳೀತೈತಿ" ಅಂದ ಕೂಡಲೇ ನೀರಿನ ಮೇಷ್ಟ್ರೆಂದು ನನಗೆ ತಿಳಿಯಿತು. ಮಣ್ಣು ಮೆತ್ತಿ ಮುಖವೇ ಕಾಣದಂತಾಗಿತ್ತು. ಒಂದು ಕಣ್ಣಿನಲ್ಲಿ ಹೂ ಬಿದ್ದಿತ್ತು. ಕಲ್ಲು ಒಡೆಯುವಾಗ ಚೂರು ಸಿಡಿದಿರಬೇಕು.

ಗಾಲಿ ಮೇಲೆ ಬಂತು. ಅವರು ಬೆನ್ನು ನೆಟ್ಟಗೆ ಮಾಡಿ ಕಮಾನಿನೊಳಗೆ ನೋಡಿದರು. ಆ ಒಂದೇ ಕಣ್ಣಿನಿಂದ ನನ್ನನ್ನು ಗುರುತಿಸಿದರು.

"ಸಾಲಿ ಎಲ್ಲಿತನಕ ಓದಿದ್ರವ್ವ?" ಅಂದರು. ಬಹುವಚನ.

"ಆರನೇ ಕ್ಲಾಸು" ಅಂದೆ.

"ಅಷ್ಟಾ?" ಅಂದರು. ಸ್ವಲ್ಪ ನಕ್ಕರು. "ನಾನಾ ಎಂಟು ಓದೀನಿ."

ಬೈದಿದ್ದರೆ, ಉಗಿದಿದ್ದರೆ ನಾನು ಇಳಿದು ಕಾಲು ಹಿಡಿಯುತ್ತಿದ್ದೆನೋ ಏನೋ. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಷ್ಟರಲ್ಲಿ ಅತ್ತೆ ನನ್ನ ತೋಳು ಚಿವುಟಿದರು.

"ಯಾರೇ ಅಂವ? ನಿನಗ ಹೆಂಗ ಗೊತ್ತು?"

ಅವರು ಅಲ್ಲೇ, ಗಾಲಿ ಹಿಡಿದುಕೊಂಡು ನಿಂತಿದ್ದರು. ಅವರಿಗೆ ಕೇಳಿಸುತ್ತಿತ್ತು. ಈಗ ನನಗೆ ಒಂಬತ್ತಲ್ಲ, ಹದಿನಾರು. ಇಲ್ಲಿ ಕೆಂಡವಿರಲಿಲ್ಲ, ಕಡ್ಡಿಯಿರಲಿಲ್ಲ.

"ಯಾರೋ ಏನೋ, ನಾ ಕಂಡಿಲ್ರಿ ಅತ್ತಿ" ಅಂದೆ.

ಅವರು ಗಾಲಿಯಿಂದ ಕೈ ತೆಗೆದರು. ಬಂಡಿ ಹೊರಟಿತು. ಅದೇ ಕೊನೆ.

ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ. ನೀರಿನ ಮೇಷ್ಟ್ರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊಮ್ಮಕ್ಕಳೆಲ್ಲ ಹೇಳುತ್ತಾರೆ. ಬೆತ್ತ, ದಾಸವಾಳ, ಗಾಜಿನ ಗ್ಲಾಸು, ಎಲ್ಲವನ್ನೂ ಹೇಳುತ್ತೇನೆ. 'ಉಪ್ಪುಪ್ಪು ಐತ್ರಿ ಸಾರ್' ಎಂಬಲ್ಲಿಗೆ ಎಲ್ಲರೂ ನಗುತ್ತಾರೆ. ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಅದರಾಚೆಗೆ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಒಂಬತ್ತನೇ ವಯಸ್ಸಿಗೇ ಜಾತಿ ಮುರಿದ ಅಜ್ಜಿ ಎಂದು ನನಗೆ ಹೆಸರು ಬಂತು. ನಾನು ಬೇಡವೆನ್ನಲಿಲ್ಲ. ಎರಡು ವರ್ಷದ ಹಿಂದೆ ಕುರುಗೋಡಿನ ಒಂದು ಶಾಲೆಯವರು ಕಾರು ಕಳಿಸಿ ಕರೆಸಿಕೊಂಡು, ಮಕ್ಕಳೆದುರು ಆ ಕಥೆ ಹೇಳಿಸಿ, ಶಾಲು ಹೊದಿಸಿದರು. ಹೊದ್ದುಕೊಂಡೆ. ಅಲ್ಲಿ ಕೂತಿದ್ದ ಮಕ್ಕಳಲ್ಲಿ ಅವರ ಮನೆಯವು ಎಷ್ಟಿದ್ದವೋ… ಎಲ್ಲ ಜೋರಾಗಿ ಚಪ್ಪಾಳೆ ತಟ್ಟಿದವು.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಒಂಬತ್ತು ವರ್ಷದವಳಿರಬೇಕು. "ಆ ಮೇಷ್ಟ್ರು ಆಮ್ಯಾಲೆ ಏನಾದ್ರಜ್ಜಿ?" ಅಂದಳು.

"ಪಾಸಾಗಿ ಕರೂರಿಗೆ ಹೋದ್ರವ್ವ" ಅಂದೆ. "ಅಲ್ಲಿ ಮೊದಲನೇ ಮೇಷ್ಟ್ರು ಅವರಾ."

ಮಕ್ಕಳು ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.

ಅವರು ಈಗ ಇರಲಾರರು. ಇದ್ದರೆ ನೂರರ ಹತ್ತಿರ. ಮೊಮ್ಮಗಳು ಲೋಟ ಹಿಡಿದು ನಿಂತ ದಿನದಿಂದ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಹೇಳುವ ಹೊತ್ತು ಎರಡು ಸಲ ಬಂದಿತ್ತು, ಎರಡು ಸಲವೂ ಕಳೆದುಕೊಂಡೆ. ಇನ್ನು ಹೇಳಬೇಕಾದದ್ದು ಆ ಎರಡು ಜಡೆಯ ಹುಡುಗಿಗೆ. ಅವರು ಕರೂರಿಗೆ ಹೋಗಲಿಲ್ಲವ್ವ.